ಮನೆಯಲ್ಲಿ ಚಹದ ಸಂಗ್ರಹ: ವಿಂಗಡಣೆ ಮತ್ತು ರಕ್ಷಣೆ

ಕರ್ನಾಟಕದಿಂದ ಬಂದು ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿದ ನಮ್ಮ ಮನೆಗಳಲ್ಲಿ ಕಾಫಿಪುಡಿಯ ಡಬ್ಬಿ ಸಾಮಾನ್ಯವಾಗಿ ಒಂದೇ. ಚಹದ ಡಬ್ಬಿಗಳು ಮಾತ್ರ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತ ಹೋಗುತ್ತವೆ. ದಿನಬಳಕೆಯ ಚಹಾ ಒಂದು, ಊಟಿಗೆ ಹೋದವರು ತಂದ ನೀಲಗಿರಿಯ ಚಹಾ ಒಂದು, ಯಾರೋ ಉಡುಗೊರೆಯಿತ್ತ ಡಾರ್ಜಿಲಿಂಗ್ ಒಂದು, ಮೈ ಹಗುರಾಗಲೆಂದು ತಂದ ಹಸಿರು ಚಹಾ ಮತ್ತೊಂದು. ಇವುಗಳಲ್ಲಿ ಒಳ್ಳೆಯದನ್ನು ಅತಿಥಿಗಳಿಗೆಂದು ಎತ್ತಿಡುತ್ತೇವೆ. ಎರಡು ವರ್ಷದ ಮೇಲೆ ಅತಿಥಿಗಳು ಬಂದಾಗ ಡಬ್ಬಿ ತೆರೆದರೆ ಇಂಗಿನ ವಾಸನೆ! ಹಣ ಕೊಟ್ಟು ತಂದ ವಸ್ತು ಹೀಗೆ ವ್ಯರ್ಥವಾಗದಂತೆ ನೋಡಿಕೊಳ್ಳುವ ಬಗೆಯನ್ನು ಈ ಪಾಠದಲ್ಲಿ ವಿಚಾರಿಸೋಣ.

ಚಹಾ ಏಕೆ ಕೆಡುತ್ತದೆ?

ಕಾರ್ಖಾನೆಯಲ್ಲಿ ಎಲೆಯನ್ನು ನೂರಕ್ಕೆ ಸುಮಾರು 3 ಭಾಗ ತೇವ ಮಾತ್ರ ಉಳಿಯುವಂತೆ ಒಣಗಿಸುತ್ತಾರೆ. ಇಷ್ಟು ಒಣಗಿದ ಎಲೆ ಬಾಯಾರಿದ್ದಂತೆ. ಸುತ್ತಲಿನ ಗಾಳಿಯಿಂದ ತೇವವನ್ನೂ ವಾಸನೆಯನ್ನೂ ಹೀರುತ್ತದೆ. ಆದುದರಿಂದ ತೇವ, ಗಾಳಿ, ಬೆಳಕು, ಶಾಖ, ಪರವಾಸನೆ ಈ ಐದೂ ಚಹಕ್ಕೆ ಶತ್ರುಗಳು.

ನಮ್ಮ ಮೂರು ನಗರಗಳಲ್ಲಿ ಈ ಶತ್ರುಗಳ ಬಲ ಒಂದೇ ಸಮನಲ್ಲ. ಅಹಮದಾಬಾದಿನಲ್ಲಿ ಬೇಸಗೆಯ ಶಾಖ ಮುಖ್ಯ. 2016ರ ಮೇ ತಿಂಗಳಲ್ಲಿ ಅಲ್ಲಿ ಉಷ್ಣಮಾನ 48 ಡಿಗ್ರಿ ಮುಟ್ಟಿತ್ತು. ಸೂರತ್ ಸಮುದ್ರಕ್ಕೆ ಸಮೀಪ. ಅಲ್ಲಿ ಮಳೆಗಾಲದ ತೇವವೇ ಹೆಚ್ಚು ಕೆಡುಕು. ವಡೋದರಾದಲ್ಲಿ ಎರಡನ್ನೂ ಎಣಿಸಬೇಕು. 2006ರಲ್ಲಿ ತಾಪಿಯೂ 2024ರಲ್ಲಿ ವಿಶ್ವಾಮಿತ್ರಿಯೂ ಉಕ್ಕಿ ಮನೆಗಳಿಗೆ ನುಗ್ಗಿದುದನ್ನು ಬಲ್ಲವರು, ನೆಲಮಹಡಿಯಲ್ಲಿದ್ದರೆ, ಮಳೆಗಾಲದಲ್ಲಿ ಚಹದ ಡಬ್ಬಿಗಳನ್ನು ಕೆಳಗಿನ ಗೂಡಿನಲ್ಲಿ ಇಡಲಾರರು.

ವಿಂಗಡಿಸುವ ಕ್ರಮ

ಮೊದಲು ಎಲ್ಲ ಡಬ್ಬಿಗಳನ್ನೂ ಒಂದೆಡೆ ತಂದು ನಾಲ್ಕು ಗುಂಪು ಮಾಡಬೇಕು. ಹಾಲು ಹಾಕಿ ಕುದಿಸುವ ಹರಳು ಚಹಾ, ಅಂದರೆ ಅಂಗಡಿಯವರು ಸಿ.ಟಿ.ಸಿ. ಎನ್ನುವುದು, ಮೊದಲನೆಯ ಗುಂಪು. ಇದು ಗಟ್ಟಿ ಜಾತಿ. ಮುಚ್ಚಿದ ಪೊಟ್ಟಣದಲ್ಲಿ ಒಂದು ವರ್ಷ ತಾಳುತ್ತದೆ. ಡಾರ್ಜಿಲಿಂಗ್, ನೀಲಗಿರಿ, ಕಾಂಗ್ಡಾಗಳ ಎಲೆಚಹಾ ಎರಡನೆಯದು. ಇದರ ಬೆಲೆಯೆಲ್ಲ ಪರಿಮಳದಲ್ಲಿದೆ. ಹಸಿರು ಚಹಾ ಮೂರನೆಯದು. ಎಲ್ಲಕ್ಕಿಂತ ಬೇಗ ಸಪ್ಪೆಯಾಗುವುದು ಇದೇ. ಏಲಕ್ಕಿ, ಶುಂಠಿ ಮೊದಲಾದವು ಬೆರೆತ ಮಸಾಲೆಚಹಾ ನಾಲ್ಕನೆಯದು. ಇದನ್ನು ಉಳಿದವುಗಳಿಂದ ದೂರವಿಡಬೇಕು. ಚೀನದ ಯುನ್ನಾನ್ ಪ್ರಾಂತದ ಪು-ಎರ್ ಚಹವೊಂದು ಇದಕ್ಕೆಲ್ಲ ಹೊರತು. ಅದು ಸ್ವಲ್ಪ ಗಾಳಿಯಾಡುವೆಡೆ ಇದ್ದು ವರ್ಷಗಳು ಕಳೆದಂತೆ ಪಕ್ವವಾಗುತ್ತದೆ.

ಪ್ರತಿ ಡಬ್ಬಿಗೂ ಒಂದು ಚೀಟಿ ಅಂಟಿಸಿ ಹೆಸರು, ಕೊಂಡ ತಿಂಗಳು, ತೆರೆದ ದಿನ ಈ ಮೂರನ್ನು ಬರೆಯಿರಿ. ಹಳೆಯದು ಮುಂದೆ, ಹೊಸದು ಹಿಂದೆ. ತೆರೆದ ಹಸಿರು ಚಹವನ್ನೂ ಎಲೆಚಹವನ್ನೂ ಎರಡು ಮೂರು ತಿಂಗಳೊಳಗೆ ಮುಗಿಸುವುದು ಮೇಲು.

ಇಡುವ ಪಾತ್ರೆ, ಇಡುವ ಸ್ಥಳ

ಬಿಗಿಯಾದ ಮುಚ್ಚಳದ ತಗಡಿನ ಅಥವಾ ಉಕ್ಕಿನ ಡಬ್ಬಿ ಉತ್ತಮ. ಗಾಜಿನ ಭರಣಿಯಾದರೆ ಕತ್ತಲೆಯ ಕಪಾಟಿನೊಳಗಿರಲಿ. ಹಿಂದೆ ಇಂಗು, ಓಮ, ಸಾರಿನ ಪುಡಿ ತುಂಬಿದ್ದ ಪ್ಲಾಸ್ಟಿಕ್ ಡಬ್ಬಿ ಎಷ್ಟು ತೊಳೆದರೂ ವಾಸನೆ ಬಿಡದು; ಅದು ಚಹಕ್ಕೆ ಸಲ್ಲದು. ಡಬ್ಬಿ ಚಹದ ಪ್ರಮಾಣಕ್ಕೆ ತಕ್ಕಂತಿರಬೇಕು. ಅರ್ಧ ಖಾಲಿಯಾದ ದೊಡ್ಡ ಡಬ್ಬಿಯಲ್ಲಿ ಉಳಿದರ್ಧ ಗಾಳಿಯೇ.

ಒಲೆಯ ಮೇಲಿನ ಗೂಡು ಕೈಗೆ ಅನುಕೂಲ, ಚಹಕ್ಕೆ ಅಪಾಯ. ಶಾಖವೂ ಹಬೆಯೂ ಅಲ್ಲಿಗೇ ಏರುತ್ತವೆ. ಕಾಫಿಪುಡಿಯ ಪಕ್ಕವೂ ಬೇಡ. ದಿನವೂ ತೆಗೆದಿಡುವ ಡಬ್ಬಿಯನ್ನು ಫ್ರಿಜ್ಜಿನಲ್ಲಿ ಇಡಕೂಡದು. ಹೊರಗೆ ತೆಗೆದಾಗ ತಣ್ಣನೆಯ ಎಲೆಯ ಮೇಲೆ ಗಾಳಿಯ ತೇವ ಹನಿಯಾಗಿ ಕೂಡುತ್ತದೆ. ಕುದಿಯುವ ಪಾತ್ರೆಯ ಮೇಲೆ ಡಬ್ಬಿ ಬಗ್ಗಿಸಿ ಸುರಿಯುವ ಅಭ್ಯಾಸವನ್ನೂ ಬಿಡಬೇಕು. ಒಣ ಚಮಚ ಸಾಕು. ಇಲ್ಲಿಯವರು ಲೀಲಿ ಚಾ ಎನ್ನುವ ಮಜ್ಜಿಗೆಹುಲ್ಲನ್ನಾಗಲಿ ಪುದೀನವನ್ನಾಗಲಿ ಹಸಿಯಾಗಿ ಡಬ್ಬಿಗೆ ಹಾಕದೆ, ಕುದಿಯುವಾಗಲೇ ಪಾತ್ರೆಗೆ ಹಾಕಿರಿ.

ಎಷ್ಟು ಕೊಳ್ಳಬೇಕು?

ಅಹಮದಾಬಾದ್ ಚಹದ ವ್ಯಾಪಾರಕ್ಕೆ ಹೆಸರಾದ ಊರು. ದಕ್ಷಿಣ ಆಫ್ರಿಕದಿಂದ 1915ರಲ್ಲಿ ಮರಳಿದ ನಾರಣದಾಸ ದೇಸಾಯಿಯವರು 1919ರಲ್ಲಿ ಇಲ್ಲಿ ಗುಜರಾತ್ ಟೀ ಡಿಪೋ ತೆರೆದರು. ವಾಘ್ ಬಕರಿ ಎಂಬ ಮುದ್ರೆ 1934ರಲ್ಲಿ ಬಂತು. ಓಣಿ ಓಣಿಯಲ್ಲೂ ಹೊಸ ಚಹಾ ಸಿಕ್ಕುವ ನಾಡಿನಲ್ಲಿ ಆರು ತಿಂಗಳ ದಿನಬಳಕೆಯ ಚಹವನ್ನು ಮನೆಯಲ್ಲಿ ತುಂಬಿಸುವ ಅಗತ್ಯವಿಲ್ಲ. ತಿಂಗಳಿಗೆ ಬೇಕಾದಷ್ಟು ಕೊಂಡರೆ ಸಾಕು. ಅಗ್ಗವೆಂದು ತಂದು ಕೆಡಿಸಿದ್ದು ದುಬಾರಿಯೇ.

ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನ, ಎಲ್ಲ ಡಬ್ಬಿಗಳನ್ನೂ ತೆರೆದು ಮೂಸಿ ನೋಡಿರಿ. ಪರಿಮಳ ಕುಂದಿದ್ದರೂ ಒಣಗಿರುವ ಚಹವನ್ನು ಶುಂಠಿ ಹಾಕಿ ಕುದಿಸಿ ಬಳಸಬಹುದು. ಮುಗ್ಗಲು ವಾಸನೆ ಬಂದರೆ ಅಥವಾ ಬೂಷ್ಟು ಕಂಡರೆ ಬಿಸಿಲಿಗೆ ಹಾಕಿ ಉಳಿಸುವ ಆಸೆ ಬೇಡ, ಚೆಲ್ಲಿಬಿಡಿ. ಇನ್ನು ಬೆಲೆಬಾಳುವ ಎಲೆಚಹಾ ಬಂದಾಗ ಪೊಟ್ಟಣ ತೆರೆದ ದಿನವೇ ಎರಡು ಮೂರು ಮನೆಯವರು ಹಂಚಿಕೊಳ್ಳುವುದು ಸೊಗಸು. ಅತಿಥಿಗಾಗಿ ಕಾದು ಹಳಸುವುದಕ್ಕಿಂತ, ನೆರೆಮನೆಯವರನ್ನೇ ಅಂದು ಅತಿಥಿಗಳಾಗಿ ಕರೆಯಬಹುದಷ್ಟೆ.