ಚಿತ್ರದ ಉದ್ದ, ನೋಡುವವನ ಹೊತ್ತು

ಕಳೆದುಕೊಂಡ ಹಣವನ್ನು ಮರಳಿ ಗಳಿಸುವ ದಾರಿ ಉಂಟು. ಕಳೆದುಹೋದ ಹೊತ್ತನ್ನು ಗಳಿಸುವ ದಾರಿ ಇಲ್ಲ. ಚಲನಚಿತ್ರವನ್ನು ನೋಡಲು ಹೋದವನು ಟಿಕೆಟ್ಟಿನ ಕಿಟಕಿಯಲ್ಲಿ ಒಮ್ಮೆ ಮಾತ್ರ ಹಣ ಕೊಡುತ್ತಾನೆ. ಒಳಗೆ ಕುಳಿತ ಮೇಲೆ ಪ್ರತಿಯೊಂದು ನಿಮಿಷವೂ ತನ್ನ ಆಯುಷ್ಯದ ಒಂದೊಂದು ತುಣುಕನ್ನು ಕೊಡುತ್ತಲೇ ಇರುತ್ತಾನೆ. ಹೀಗಿರುವಾಗ, ‘ಇಂದಿನ ಚಿತ್ರಗಳು ನೋಡುವವರಿಗೆ ತೀರ ಉದ್ದವಾಗುತ್ತಿವೆಯೆ?’ ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಚಿತ್ರದ ಉದ್ದವೆಂಬುದು ಒಂದು ಕಾಲದಲ್ಲಿ ಅಡಿಗೋಲಿನಿಂದ ಅಳೆಯಬಹುದಾದ ವಸ್ತುವಾಗಿತ್ತು. ಮಾತಿನ ಚಿತ್ರದಲ್ಲಿ ಸೆಕೆಂಡಿಗೆ 24 ಬಿಡಿಚಿತ್ರಗಳು ನಮ್ಮ ಕಣ್ಣಮುಂದೆ ಸರಿಯುತ್ತವೆ. ರೂಢಿಯಲ್ಲಿದ್ದ ಫಿಲ್ಮಿನ ಒಂದು ಅಡಿಯಲ್ಲಿ ಇಂಥ 16 ಚಿತ್ರಗಳು ಅಡಗಿರುತ್ತಿದ್ದವು. ಹೀಗೆ ಒಂದು ನಿಮಿಷಕ್ಕೆ 90 ಅಡಿ, ಮೂರು ಗಂಟೆಗೆ 16,200 ಅಡಿ ಫಿಲ್ಮು ಬೇಕಾಗುತ್ತಿತ್ತು. ಫಿಲ್ಮು ಬೆಲೆಯುಳ್ಳದ್ದು, ಹೊರದೇಶಗಳಿಂದ ಬರಬೇಕಾಗಿದ್ದುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅದರ ಅಭಾವವುಂಟಾದಾಗ, ಯಾವ ಚಿತ್ರವೂ 11,000 ಅಡಿಯನ್ನು ಮೀರಬಾರದೆಂದು ಆಗಿನ ಸರಕಾರ ಕಟ್ಟಳೆ ವಿಧಿಸಿತು. ಅದು ಸುಮಾರು ಎರಡು ಗಂಟೆಯ ಅಳತೆ. ಈ ಶತಮಾನದ ಎರಡನೆಯ ದಶಕದಲ್ಲಿ ಫಿಲ್ಮಿನ ಸುರುಳಿಯ ಬದಲಿಗೆ ಡಿಜಿಟಲ್ ವಿಧಾನವು ಎಲ್ಲೆಡೆ ಬಳಕೆಗೆ ಬಂದಿತು. ಅಡಿಗಳ ಲೆಕ್ಕ ತಪ್ಪಿತು; ಅದರೊಡನೆ ನಿರ್ಮಾಪಕನ ಕೈಯನ್ನು ಹಿಡಿಯುತ್ತಿದ್ದ ಒಂದು ಕಟ್ಟೂ ಸಡಿಲವಾಯಿತು.

ಆದರೆ ನಮ್ಮ ಚಿತ್ರಗಳು ದೀರ್ಘವಾಗಿರುವುದಕ್ಕೆ ಯಂತ್ರವೊಂದೇ ಕಾರಣವಲ್ಲ. ದಾದಾಸಾಹೇಬ್ ಫಾಲ್ಕೆಯವರು 1913ರಲ್ಲಿ ತೆರೆಗೆ ತಂದ ‘ರಾಜಾ ಹರಿಶ್ಚಂದ್ರ’ ಮೂಕಚಿತ್ರ. ಅದರ ಅವಧಿ ಸುಮಾರು 40 ನಿಮಿಷ ಮಾತ್ರ. 1934ರಲ್ಲಿ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನಾ’ ಬಂದಾಗ, ವೃತ್ತಿ ನಾಟಕ ಕಂಪನಿಗಳ ಕಲಾವಿದರೇ ಅದರಲ್ಲಿ ಅಭಿನಯಿಸಿದರು. ಕಂಪನಿ ನಾಟಕದ ಕಥೆ, ಹಾಡು, ಹಾಸ್ಯ ಎಲ್ಲವೂ ತೆರೆಯ ಮೇಲೆ ನೆಲೆಸಿದವು. ರಾತ್ರಿಯ ಬಹುಭಾಗವನ್ನು ನಾಟಕದ ಮುಂದೆ ಕಳೆದು ಅಭ್ಯಾಸವಿದ್ದ ಜನಕ್ಕೆ ಮೂರು ಗಂಟೆಯ ಚಿತ್ರ ದೀರ್ಘವೆಂದು ತೋರಲಿಲ್ಲ.

ಸಕಲೇಶಪುರ, ಆಲೂರು ಸೀಮೆಯ ಗುಡ್ಡಗಾಡಿನಲ್ಲಿ ನಿಂತು ನೋಡಿದರೆ ಈ ಮಾತಿನ ಒಳಮರ್ಮವು ಇನ್ನಷ್ಟು ಸ್ಪಷ್ಟವಾಗುತ್ತದೆ. ಇಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ಕಾಫಿಯ ತೋಟ, ಗದ್ದೆಯ ಬಯಲು, ಕಾಡಿನ ಅಂಚು, ಇವುಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಹಿಂದೆ ಯಕ್ಷಗಾನವನ್ನಾಗಲಿ ನಾಟಕವನ್ನಾಗಲಿ ನೋಡಬೇಕೆಂದಾದರೆ ಹರದಾರಿಗಳಷ್ಟು ನಡೆಯಬೇಕಾಗಿತ್ತು. ಹೊತ್ತು ಮುಳುಗುವ ಮೊದಲೇ ಬುತ್ತಿ ಕಟ್ಟಿಕೊಂಡು, ಚಾಪೆ ಕಂಬಳಿಗಳನ್ನು ಹೊತ್ತು ಹೊರಡುತ್ತಿದ್ದರು. ಆಟ ಬೆಳಗಿನವರೆಗೆ ನಡೆಯುತ್ತಿತ್ತು. ಮಕ್ಕಳು ನಡುವೆ ನಿದ್ರೆ ಹೋಗಿ, ಚಂಡೆಯ ಸದ್ದಿಗೆ ಎಚ್ಚೆತ್ತು ಮತ್ತೆ ನೋಡುತ್ತಿದ್ದರು. ಕಥೆ ಗೊತ್ತಿದ್ದುದೇ ಆದುದರಿಂದ ಎಲ್ಲಿಯೂ ಎಳೆ ತಪ್ಪುತ್ತಿರಲಿಲ್ಲ. ಮುಂಬೆಳಕು ಮೂಡಿದಾಗ ಮಂಗಳವಾಗುತ್ತಿತ್ತು. ಆ ಬೆಳಕಿನಲ್ಲಿ ನಿರ್ಭಯವಾಗಿ ಮನೆಗೆ ನಡೆಯಬಹುದಾಗಿತ್ತು.

ಈ ಕೊನೆಯ ಸಂಗತಿಯನ್ನು ಚೆನ್ನಾಗಿ ಗಮನಿಸಬೇಕು. ಇರುಳಿಡೀ ನಡೆಯುವ ಆಟವು ಉದ್ದವಾಗಿತ್ತು, ನಿಜ. ಆದರೆ ಅದು ತನ್ನ ಪ್ರೇಕ್ಷಕನನ್ನು ನಡುರಾತ್ರಿಯ ಕತ್ತಲೆಗೆ ದೂಡುತ್ತಿರಲಿಲ್ಲ. ಅವನ ದಾರಿ, ಅವನ ನಿದ್ರೆ, ಅವನ ಮರುದಿನದ ಕೆಲಸ ಇವೆಲ್ಲವನ್ನೂ ಬಲ್ಲ ಉದ್ದ ಅದು. ಈಗ ರಸ್ತೆಗಳಾಗಿವೆ, ವಾಹನಗಳಿವೆ, ಬೆಳಿಗ್ಗೆ ಗಂಟೆ ಹೊಡೆದೊಡನೆ ಶಾಲೆ ಕಚೇರಿಗಳಿಗೆ ಹೋಗಬೇಕಾಗಿದೆ. ಆದಕಾರಣ ಯಕ್ಷಗಾನದ ಹಲವು ಮೇಳಗಳೇ ನಡುರಾತ್ರಿಯೊಳಗೆ ಮುಗಿಯುವ ಕಾಲಮಿತಿಯ ಪ್ರಯೋಗಗಳನ್ನು ಕೈಗೊಂಡಿವೆ. ಜನಜೀವನ ಬದಲಾದಾಗ ಕಲೆಯ ಅಳತೆಯೂ ಬದಲಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಚಲನಚಿತ್ರವು ಮಲೆನಾಡಿನ ಒಳಗಿನ ಊರುಗಳಿಗೆ ಬಂದುದು ಟೂರಿಂಗ್ ಟಾಕೀಸುಗಳ ಮೂಲಕ. ಮಳೆಗಾಲ ಕಳೆದು ನೆಲ ಒಣಗಿದ ಮೇಲೆ ಡೇರೆಗಳು ಏಳುತ್ತಿದ್ದವು. ಕಾಫಿಯ ಕೊಯ್ಲಿನ ದಿನಗಳಲ್ಲಿ ಕೂಲಿಯ ಹಣ ಕೈಯಲ್ಲಿ ಓಡಾಡುತ್ತಿದ್ದುದರಿಂದ ನೆಲದ ಮೇಲಿನ ಜಾಗ ಬೇಗನೆ ತುಂಬುತ್ತಿತ್ತು. ಒಂದೇ ಯಂತ್ರವಿದ್ದ ಡೇರೆಗಳಲ್ಲಿ ಸುರುಳಿ ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. ಜನ ಎದ್ದು, ಮೈಮುರಿದು, ಕಡಲೆಕಾಯಿ ಕೊಂಡು ಮತ್ತೆ ಕೂರುತ್ತಿದ್ದರು. ಮೂರು ಗಂಟೆಯ ಚಿತ್ರವೂ ಹೀಗೆ ತುಂಡುತುಂಡಾಗಿ ಹಗುರವಾಗುತ್ತಿತ್ತು. ವರ್ಷಕ್ಕೆ ಎರಡೋ ಮೂರೋ ಚಿತ್ರ ಕಾಣುತ್ತಿದ್ದ ತೋಟದ ಕೆಲಸಗಾರನಿಗೆ ಚಿತ್ರ ಬೇಗ ಮುಗಿದರೆ ಮೋಸಹೋದಂತೆ ಅನಿಸುತ್ತಿದ್ದುದು ಸಹಜವೇ.

ಇಂದು ಆ ಡೇರೆಗಳಿಲ್ಲ. ಹಳ್ಳಿಯ ಮನೆಯವರು ಹೊಸ ಚಿತ್ರಕ್ಕಾಗಿ ಹಾಸನದಂಥ ಪಟ್ಟಣಕ್ಕೆ ಹೋಗಬೇಕು. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿಲೋಮೀಟರು. ಅಲ್ಲಿಂದ ಮರಳಿ ಬಂದು, ಹೆದ್ದಾರಿಯಲ್ಲಿ ಇಳಿದು, ಮತ್ತೆ ತೋಟದ ಒಳದಾರಿಯಲ್ಲಿ ನಡೆಯಬೇಕು. ಆ ದಾರಿ ಈಗ ನಿರಾತಂಕವಲ್ಲ. ಆಲೂರು ಮತ್ತು ಸಕಲೇಶಪುರ ತಾಲ್ಲೂಕುಗಳಲ್ಲಿ ಕಾಡಾನೆಗಳು ತೋಟಗಳಲ್ಲೇ ನೆಲೆಸುತ್ತ ಬಂದಿವೆ. ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. 2014ರ ಸುಮಾರಿಗೆ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಿದರೂ ತೊಂದರೆ ತಪ್ಪಲಿಲ್ಲ. ಮಹಾನಗರದ ಪ್ರೇಕ್ಷಕನಿಗೆ ಚಿತ್ರ ಅರ್ಧ ಗಂಟೆ ಹೆಚ್ಚಾದರೆ ಆಕಳಿಕೆ ಬಂದೀತು. ಇಲ್ಲಿಯವನಿಗೆ ಅದೇ ಅರ್ಧ ಗಂಟೆಯಿಂದ ಕೊನೆಯ ಬಸ್ಸು ತಪ್ಪಬಹುದು, ಮುಸ್ಸಂಜೆಯಲ್ಲಿ ಸೇರಬೇಕಾದ ಮನೆಯನ್ನು ಇರುಳಿನಲ್ಲಿ ಸೇರಬೇಕಾಗಬಹುದು. ಅದಕ್ಕೆ ಅಂಜಿ ಕಥೆಯ ಕೊನೆಯ ಭಾಗವನ್ನು ಬಿಟ್ಟು ಎದ್ದು ಬರುವವರೂ ಉಂಟು. ಆರಂಭದಿಂದ ಕಾದ ಫಲವನ್ನೇ ಕಾಣದೆ ಅವರು ಹಿಂದಿರುಗುತ್ತಾರೆ.

ಹಾಗಾದರೆ ಚಿತ್ರಗಳೆಲ್ಲ ಮೊಟಕಾಗಿರಬೇಕೆ? ಹಾಗೆಂದು ವಿಧಿಸುವುದು ಸರಿಯಲ್ಲ. 1970ರಲ್ಲಿ ತೆರೆಕಂಡ ‘ಸಂಸ್ಕಾರ’ ಚಿತ್ರ ಎರಡು ಗಂಟೆಯೊಳಗೆ ಮುಗಿಯುತ್ತದೆ. 1972ರ ‘ಬಂಗಾರದ ಮನುಷ್ಯ’ ಹೆಚ್ಚು ಕಡಿಮೆ ಮೂರು ಗಂಟೆಯದು. ಮೊದಲನೆಯದು ರಾಷ್ಟ್ರಮಟ್ಟದ ಸ್ವರ್ಣಕಮಲವನ್ನು ಕನ್ನಡಕ್ಕೆ ಮೊದಲಬಾರಿಗೆ ತಂದಿತು. ಎರಡನೆಯದು ಬೆಂಗಳೂರಿನ ಒಂದೇ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಒಂದರ ವಸ್ತು ಒಂದು ಅಗ್ರಹಾರದ ಕೆಲವು ದಿನಗಳ ಧರ್ಮಸಂಕಟ. ಇನ್ನೊಂದರದು ಬಂಜರು ನೆಲವನ್ನು ಹಸನು ಮಾಡುವ ರೈತನೊಬ್ಬನ ವರ್ಷಗಟ್ಟಲೆಯ ಬಾಳು. ಮೊದಲನೆಯದನ್ನು ಹಿಗ್ಗಿಸಿದ್ದರೆ ಅದರ ಬಿಗಿ ಕೆಡುತ್ತಿತ್ತು; ಎರಡನೆಯದನ್ನು ಕುಗ್ಗಿಸಿದ್ದರೆ ಬೆವರಿನ ಬೆಲೆ ತಿಳಿಯುತ್ತಿರಲಿಲ್ಲ. ಸಕಲೇಶಪುರದ ಹಸುರಿನಲ್ಲಿ, ಮಳೆಯಲ್ಲಿ ಚಿತ್ರಿತವಾಗಿ 2006ರ ಕೊನೆಯಲ್ಲಿ ಬಿಡುಗಡೆಯಾದ ‘ಮುಂಗಾರು ಮಳೆ’ ಸುಮಾರು ಎರಡೂವರೆ ಗಂಟೆಯ ಚಿತ್ರ. ಅದನ್ನು ಜನ ಮತ್ತೆ ಮತ್ತೆ ನೋಡಿದರು. ಬೆಂಗಳೂರಿನಲ್ಲಿ ಅದು ವರ್ಷಕ್ಕೂ ಮೀರಿ ಓಡಿತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ರಂಗರೂಪವು 2010ರಲ್ಲಿ ಮೈಸೂರಿನಲ್ಲಿ ಸುಮಾರು ಒಂಬತ್ತು ಗಂಟೆಗಳ ಅಹೋರಾತ್ರಿ ಪ್ರಯೋಗವಾಗಿ ನಡೆದಾಗ, ಪ್ರೇಕ್ಷಕರು ಬೆಳಗಿನವರೆಗೂ ಕುಳಿತು ನೋಡಿದರು.

ಇವುಗಳಿಂದ ತಿಳಿಯುವುದೇನು? ಉದ್ದವನ್ನು ಗಡಿಯಾರ ಅಳೆಯುತ್ತದೆ, ದೈರ್ಘ್ಯದ ದಣಿವನ್ನು ಮಾತ್ರ ಮನಸ್ಸು ಅಳೆಯುತ್ತದೆ. ಒಂದು ಭಾಗವನ್ನು ತೆಗೆದರೆ ಉಳಿದುದಕ್ಕೆ ಊನ ಬರುತ್ತದೆಯೆ ಎಂದು ಕೇಳಿಕೊಳ್ಳಬೇಕು. ಊನ ಬರುವುದಾದರೆ ಆ ಭಾಗ ಇರಬೇಕಾದುದು. ಬಾರದಿದ್ದರೆ ಅದು ನೋಡುವವನಿಂದ ಕಸಿದುಕೊಂಡ ಹೊತ್ತು. ಕಥೆಗೆ ಸಂಬಂಧವಿಲ್ಲದ ಹಾಡು, ಒಮ್ಮೆ ಗೆದ್ದ ಮೇಲೂ ಮುಗಿಯದ ಹೊಡೆದಾಟ, ನಾಯಕನು ನಡೆದು ಬರುವುದನ್ನೇ ನಾಲ್ಕು ದಿಕ್ಕಿನಿಂದ ತೋರಿಸುವ ಆಡಂಬರ, ಇವೆಲ್ಲ ಈ ಬಗೆಯವು. ಅತಿಯಾದರೆ ಅಮೃತವೂ ವಿಷವೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

‘ಹಣ ಕೊಟ್ಟು ಬಂದವನಿಗೆ ತುಂಬು ಊಟ ಬಡಿಸಬೇಡವೆ?’ ಎಂದು ಕೆಲವರು ವಾದಿಸುತ್ತಾರೆ. ಈ ವಾದದಲ್ಲಿ ಸತ್ಯಾಂಶವಿದೆ. ಮನೆಮಂದಿಯನ್ನೆಲ್ಲ ಕರೆದುಕೊಂಡು ದೂರದಿಂದ ಬಂದವನಿಗೆ ಸಂತೃಪ್ತಿ ದೊರೆಯಲೇಬೇಕು. ಆದರೆ ಎಲೆಯ ತುಂಬ ಒಂದೇ ಪಲ್ಯ ಬಡಿಸಿದರೆ ಅದು ಔತಣವಾಗುವುದಿಲ್ಲ. ಉಣ್ಣುವವನ ಹಸಿವನ್ನೂ ಅವನು ಎದ್ದು ಹೋಗಬೇಕಾದ ವೇಳೆಯನ್ನೂ ಅರಿತು ಬಡಿಸುವವನೇ ಒಳ್ಳೆಯ ಗೃಹಸ್ಥ.

ಪ್ರೇಕ್ಷಕನಿಗೂ ಕರ್ತವ್ಯ ಉಂಟು. ಇಂದಿನ ಮಕ್ಕಳ ಕೈಗೆ ಮೊಬೈಲ್ ದೊರೆತು, ಅರ್ಧ ನಿಮಿಷದ ದೃಶ್ಯಗಳನ್ನು ಒಂದರ ಹಿಂದೊಂದರಂತೆ ಸರಿಸುವ ಅಭ್ಯಾಸ ಬೆಳೆದಿದೆ. ಅರ್ಧ ನಿಮಿಷವೆಂದುಕೊಂಡು ಕುಳಿತವರು ಎರಡು ಗಂಟೆಯ ಮೇಲೆ ಏಳುತ್ತಾರೆ. ಒಂದು ಇಡೀ ಚಿತ್ರದ ಹೊತ್ತು ಕಳೆದಿರುತ್ತದೆ, ಒಂದು ಕಥೆಯೂ ಮನಸ್ಸಿನಲ್ಲಿ ನಿಂತಿರುವುದಿಲ್ಲ. ಇಂಥ ಮನಸ್ಸಿಗೆ ಯಾವ ಒಳ್ಳೆಯ ಚಿತ್ರವೂ, ಯಾವ ಒಳ್ಳೆಯ ಪುಸ್ತಕವೂ ಉದ್ದವಾಗಿಯೇ ಕಾಣುವುದು. ಕಾಫಿಯ ಗಿಡ ಹೂಬಿಟ್ಟು ಹಣ್ಣಾಗಲು ತಿಂಗಳುಗಳೇ ಬೇಕು. ಕಾಯಲಾರದವನು ತೋಟ ಮಾಡಲಾರ. ನಿಧಾನವಾಗಿ ಮೂಡುವ ರಸವನ್ನು ಕಾದು ಸವಿಯುವ ತಾಳ್ಮೆಯನ್ನು ನಾವು ಬೆಳೆಸಿಕೊಳ್ಳಬೇಕು.

ಚಿತ್ರದ ಆರಂಭದಲ್ಲಿ ತೆರೆಯ ಮೇಲೆ ಒಂದು ಪ್ರಮಾಣಪತ್ರ ಮೂಡಿ ಮರೆಯಾಗುತ್ತದೆ. ಚಿತ್ರದ ಉದ್ದವೂ ಅದರಲ್ಲಿ ನಮೂದಾಗಿರುತ್ತದೆ. ಮುಂದಿನ ಬಾರಿ ನೀವು ಅದನ್ನು ಓದಿರಿ. ಚಿತ್ರ ತಯಾರಿಸಿದವರು ನಿಮ್ಮಿಂದ ಎಷ್ಟು ಹೊತ್ತನ್ನು ಕೇಳುತ್ತಿದ್ದಾರೆಂಬುದು ಅಲ್ಲಿ ಬರೆದಿದೆ. ಚಿತ್ರ ಮುಗಿದ ಮೇಲೆ, ಕೇಳಿದ ಹೊತ್ತಿಗೆ ತಕ್ಕುದನ್ನು ಅವರು ಕೊಟ್ಟರೆ ಎಂದು ನಿಷ್ಪಕ್ಷಪಾತವಾಗಿ ವಿಚಾರ ಮಾಡಿರಿ. ಹೀಗೆ ವಿಚಾರ ಮಾಡುವ ಪ್ರೇಕ್ಷಕರು ಹೆಚ್ಚಿದಂತೆ, ಅನಾವಶ್ಯಕವಾದುದನ್ನು ಕತ್ತರಿಸುವ ಧೈರ್ಯ ಚಿತ್ರಕಾರರಿಗೂ ತಾನಾಗಿ ಬರುತ್ತದೆ.

ಅಭ್ಯಾಸ

1. ಹಿಂದೆ ಇರುಳಿಡೀ ನಡೆಯುತ್ತಿದ್ದ ಆಟವು ಪ್ರೇಕ್ಷಕನಿಗೆ ಹೇಗೆ ಅನುಕೂಲವಾಗಿತ್ತು?
2. ಅರ್ಧ ಗಂಟೆಯ ಅವಧಿಯು ನಗರದವನಿಗೂ ಮಲೆನಾಡಿನವನಿಗೂ ಒಂದೇ ಅಲ್ಲ. ಏಕೆ?
3. ‘ಸಂಸ್ಕಾರ’ ಮತ್ತು ‘ಬಂಗಾರದ ಮನುಷ್ಯ’ ಚಿತ್ರಗಳನ್ನು ಲೇಖಕರು ಯಾವ ಉದ್ದೇಶದಿಂದ ಹೋಲಿಸಿದ್ದಾರೆ?
4. ನೀವು ನೋಡಿದ ಒಂದು ಚಿತ್ರದಲ್ಲಿ ಯಾವ ಭಾಗವನ್ನು ಬಿಡಬಹುದಾಗಿತ್ತು? ಕಾರಣಸಹಿತ ಬರೆಯಿರಿ.