ಕೋಡಿಂಗ್ ಟೆಸ್ಟ್ ಕಳಿಸಿದವರು ಯಾರು?

ಲಿಂಕ್ಡ್‌ಇನ್‌ನಲ್ಲಿ ಒಂದು ಮೆಸೇಜ್ ಬರುತ್ತದೆ. ವಿದೇಶಿ ಕ್ರಿಪ್ಟೊ ಕಂಪನಿ, ಮನೆಯಿಂದಲೇ ಕೆಲಸ, ಡಾಲರ್‌ನಲ್ಲಿ ಸಂಬಳ. ಮಾತುಕತೆ ಸಲೀಸಾಗಿ ನಡೆಯುತ್ತದೆ. ಆಮೇಲೆ ಒಂದು ಟೆಸ್ಟ್: ಗಿಟ್‌ಹಬ್‌ನಿಂದ ಈ ಪ್ರಾಜೆಕ್ಟ್ ಇಳಿಸಿಕೊಳ್ಳಿ, ರನ್ ಮಾಡಿ, ಒಂದು ಬಗ್ ಇದೆ, ಸರಿಪಡಿಸಿ ಕಳಿಸಿ. ‘ಎನ್‌ಪಿಎಂ ಇನ್‌ಸ್ಟಾಲ್’ ಎಂದು ಒತ್ತಿದ್ದೇ ತಡ, ಒಳಗೆ ಅಡಗಿದ್ದ ಇನ್ನೊಂದು ಕೋಡ್ ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳನ್ನೂ ಕ್ರಿಪ್ಟೊ ವ್ಯಾಲೆಟ್ಟಿನ ಕೀಗಳನ್ನೂ ಬಾಚಿಕೊಂಡು ಹೊರಗೆ ಸಾಗಿಸುತ್ತದೆ. ಸೈಬರ್ ಭದ್ರತೆಯವರು ಈ ವರಸೆಗೆ ‘ಕಂಟೇಜಿಯಸ್ ಇಂಟರ್‌ವ್ಯೂ’ ಎಂದು ಹೆಸರಿಟ್ಟಿದ್ದಾರೆ. ಜಾಡು ಹಿಡಿದು ಹೋದವರು ಬೆರಳು ತೋರಿಸಿದ್ದು ಉತ್ತರ ಕೊರಿಯಾದ ಕಡೆಗೆ.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡ್‌ನಲ್ಲೋ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರಿಗೆ ಆ ದೇಶವೆಂದರೆ ಕಿಮ್ ಜಾಂಗ್ ಉನ್ ಹೇರ್‌ಸ್ಟೈಲ್, ಮೆರವಣಿಗೆಯಲ್ಲಿ ಸಾಗುವ ಕ್ಷಿಪಣಿ, ಒಂದಿಷ್ಟು ಮೀಮ್. ಅಷ್ಟರಲ್ಲೇ ನಿಂತರೆ ನಮ್ಮ ಲ್ಯಾಪ್‌ಟಾಪಿಗೂ ಅವರ ಅಣುಬಾಂಬಿಗೂ ಏನು ಸಂಬಂಧ ಎಂಬುದು ತಿಳಿಯುವುದಿಲ್ಲ. ಸಂಬಂಧ ಇದೆ. ನಿಧಾನವಾಗಿ ನೋಡೋಣ.

1945ರಲ್ಲಿ ಜಪಾನ್ ಸೋತಾಗ ಅದರ ವಸಾಹತಾಗಿದ್ದ ಕೊರಿಯಾವನ್ನು ಸೋವಿಯತ್ ಒಕ್ಕೂಟ ಮತ್ತು ಅಮೆರಿಕ 38ನೇ ಅಕ್ಷಾಂಶದಲ್ಲಿ ಪಾಲು ಮಾಡಿಕೊಂಡವು. ಉತ್ತರದಲ್ಲಿ 1948ರ ಸೆಪ್ಟೆಂಬರ್ 9ರಂದು ಕಿಮ್ ಇಲ್ ಸುಂಗ್ ಆಳ್ವಿಕೆ ಶುರುವಾಯಿತು. 1950ರಲ್ಲಿ ಯುದ್ಧ, 1953ರ ಜುಲೈ 27ರಂದು ಕದನ ವಿರಾಮ. ಶಾಂತಿ ಒಪ್ಪಂದಕ್ಕೆ ಇವತ್ತಿನವರೆಗೂ ಸಹಿ ಬಿದ್ದಿಲ್ಲ. ಆ ಕದನ ವಿರಾಮದಲ್ಲಿ ನಮ್ಮವರೊಬ್ಬರ ಪಾಲೂ ಇದೆ. ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿದ್ದವರು ಕೊಡಗಿನ ಕೆ.ಎಸ್. ತಿಮ್ಮಯ್ಯ. ಉತ್ತರಕ್ಕೂ ಬೇಡ, ದಕ್ಷಿಣಕ್ಕೂ ಬೇಡ ಎಂದ 80ಕ್ಕೂ ಹೆಚ್ಚು ಮಂದಿಯನ್ನು 1954ರಲ್ಲಿ ಭಾರತೀಯ ಪಡೆ ಹಡಗಿನಲ್ಲಿ ತನ್ನ ಜೊತೆಗೇ ಕರೆತಂದಿತು.

ಕಿಮ್ ಇಲ್ ಸುಂಗ್‌ನಿಂದ 1994ರಲ್ಲಿ ಮಗ ಕಿಮ್ ಜಾಂಗ್ ಇಲ್‌ಗೆ, 2011ರಲ್ಲಿ ಮೊಮ್ಮಗ ಕಿಮ್ ಜಾಂಗ್ ಉನ್‌ಗೆ ಅಧಿಕಾರ ಹೋಯಿತು. ಹೆಸರಿಗೆ ಕಮ್ಯುನಿಸ್ಟ್ ರಾಜ್ಯ, ನಡೆಯುವುದು ವಂಶದ ದರ್ಬಾರು. ಮನೆಮನೆಯ ಗೋಡೆಯ ಮೇಲೆ ನಾಯಕರ ಭಾವಚಿತ್ರ ಇರಲೇಬೇಕು, ಅದರ ಧೂಳು ಒರೆಸುವುದೂ ಕರ್ತವ್ಯ. ನೆರೆಹೊರೆಯ ಇಪ್ಪತ್ತು ಮೂವತ್ತು ಮನೆಗಳಿಗೊಂದು ಗುಂಪು, ಅದಕ್ಕೊಬ್ಬರು ಮುಖ್ಯಸ್ಥರು. ಯಾರ ಮನೆಗೆ ನೆಂಟರು ಬಂದರು, ಎಷ್ಟು ದಿನ ಇದ್ದರು ಎಂಬ ಲೆಕ್ಕ ಅವರ ಬಳಿ. ಪಕ್ಕದ ಪ್ರಾಂತ್ಯಕ್ಕೆ ಹೋಗಲೂ ಪರವಾನಗಿ ಬೇಕು. ಅಜ್ಜ ಯುದ್ಧಕಾಲದಲ್ಲಿ ಯಾರ ಕಡೆ ಇದ್ದ ಎಂಬುದರ ಮೇಲೆ ಮೊಮ್ಮಗನ ಕಾಲೇಜು, ಕೆಲಸ, ರಾಜಧಾನಿ ಪ್ಯೊಂಗ್ಯಾಂಗ್‌ನಲ್ಲಿ ವಾಸಿಸುವ ಅವಕಾಶ ಎಲ್ಲವೂ ನಿಂತಿವೆ. ಹುಟ್ಟಿನಿಂದ ಬರುವ ಇಂಥ ಮೇಲು ಕೀಳನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ತೊಂಬತ್ತರ ದಶಕದ ಬರಗಾಲದಲ್ಲಿ ಸತ್ತವರು ಲಕ್ಷಾಂತರ. ಸರ್ಕಾರದ ಪಡಿತರ ನಿಂತಾಗ ಜನ ಬದುಕಿದ್ದು ಹೆಂಗಸರು ಬೀದಿಬದಿ ತೆರೆದ ಸಂತೆಗಳಿಂದ. ಆ ಸಂತೆಗಳಿಗೇ ಚೀನಾದ ಗಡಿ ದಾಟಿ ದಕ್ಷಿಣ ಕೊರಿಯಾದ ಧಾರಾವಾಹಿಗಳು ಸಿ.ಡಿ., ಪೆನ್‌ಡ್ರೈವ್‌ಗಳಲ್ಲಿ ನುಸುಳಿದವು. 2020ರ ಕಾನೂನಿನಡಿ ಅವುಗಳನ್ನು ಹಂಚಿದವರಿಗೆ ಮರಣದಂಡನೆಯೂ ಆಗಬಹುದು. 2014ರ ವಿಶ್ವಸಂಸ್ಥೆಯ ತನಿಖಾ ಆಯೋಗ ರಾಜಕೀಯ ಸೆರೆಶಿಬಿರಗಳಲ್ಲಿ 80 ಸಾವಿರದಿಂದ 1.2 ಲಕ್ಷ ಜನರಿದ್ದಾರೆ ಎಂದು ಅಂದಾಜಿಸಿತು.

ಐಟಿಯವರು ಗಮನಿಸಬೇಕಾದ ಒಂದು ವಸ್ತು ಇದೆ. ಆ ದೇಶದಿಂದ ಕದ್ದು ಹೊರತಂದ ಒಂದು ಸ್ಮಾರ್ಟ್‌ಫೋನನ್ನು 2025ರಲ್ಲಿ ಬಿಬಿಸಿ ತೋರಿಸಿತು. ನೋಡಲು ಮಾಮೂಲಿ ಫೋನು. ಆದರೆ ಐದು ನಿಮಿಷಕ್ಕೊಮ್ಮೆ ತಾನೇ ಸ್ಕ್ರೀನ್‌ಶಾಟ್ ತೆಗೆದು ಒಂದು ಫೋಲ್ಡರಿಗೆ ಹಾಕುತ್ತದೆ. ಅದನ್ನು ಫೋನಿನ ಒಡೆಯ ತೆರೆಯಲಾರ, ಅಧಿಕಾರಿಗಳು ತೆರೆಯಬಲ್ಲರು. ‘ದಕ್ಷಿಣ ಕೊರಿಯಾ’ ಎಂದು ಟೈಪ್ ಮಾಡಿದರೆ ‘ಕೈಗೊಂಬೆ ರಾಜ್ಯ’ ಎಂದು ತಿದ್ದುತ್ತದೆ. ಇದನ್ನು ಬರೆದವರೂ ನಿಮ್ಮಂಥ ಡೆವಲಪರ್‌ಗಳೇ, ಟೆಸ್ಟ್ ಮಾಡಿದವರೂ ಅಷ್ಟೇ.

ಇನ್ನು ಅಣುಬಾಂಬಿನ ವಿಷಯ. 2003ರಲ್ಲಿ ಉತ್ತರ ಕೊರಿಯಾ ಅಣ್ವಸ್ತ್ರ ಪ್ರಸರಣ ತಡೆ ಒಪ್ಪಂದದಿಂದ ಹೊರಬಂತು. 2006ರ ಅಕ್ಟೋಬರ್ 9ರಂದು ಮೊದಲ ಸ್ಫೋಟ, 2017ರ ಸೆಪ್ಟೆಂಬರ್ 3ರಂದು ಆರನೆಯದು. ಇರಾಕಿನ ಸದ್ದಾಂ, ಲಿಬಿಯಾದ ಗಡಾಫಿಗೆ ಆದ ಗತಿ ನಮಗಾಗಬಾರದು ಎಂಬುದು ಅವರ ವಾದ. ಆಳುವ ಮನೆತನದ ಮಟ್ಟಿಗೆ ಆ ಲೆಕ್ಕಾಚಾರ ತಪ್ಪಿಲ್ಲ ಎಂದೇ ಹೇಳಬೇಕು, ಅದರ ಬೆಲೆ ತೆತ್ತವರು ಮಾತ್ರ ಬೇರೆಯವರು. ಟ್ರಂಪ್ ಜೊತೆ 2018ರಲ್ಲಿ ಸಿಂಗಪುರದಲ್ಲಿ, 2019ರಲ್ಲಿ ಹನೋಯ್‌ನಲ್ಲಿ ನಡೆದ ಭೇಟಿಗಳು ಫೋಟೊಗಳಲ್ಲೇ ಮುಗಿದವು.

ಇದು ದೂರದ ಜಗಳವಲ್ಲ. 1999ರ ಜೂನ್‌ನಲ್ಲಿ, ಕಾರ್ಗಿಲ್ ಯುದ್ಧ ನಡೆಯುತ್ತಿದ್ದಾಗಲೇ, ಸಕ್ಕರೆ ಇಳಿಸಲು ಗುಜರಾತಿನ ಕಾಂಡ್ಲಾ ಬಂದರಿಗೆ ಬಂದ ‘ಕು ವೊಲ್ ಸಾನ್’ ಎಂಬ ಉತ್ತರ ಕೊರಿಯಾದ ಹಡಗನ್ನು ಕಸ್ಟಮ್ಸ್‌ನವರು ತಡೆದರು. ನೀರು ಶುದ್ಧೀಕರಣದ ಸಾಮಗ್ರಿ ಎಂದು ಬರೆದಿದ್ದ ಪೆಟ್ಟಿಗೆಗಳಲ್ಲಿ ಸಿಕ್ಕಿದ್ದು ಕ್ಷಿಪಣಿಯ ಭಾಗಗಳು, ನಕ್ಷೆಗಳು, ಲೋಹ ಕೆಲಸದ ಯಂತ್ರಗಳು. ಅವು ಪಾಕಿಸ್ತಾನಕ್ಕೆ ಹೊರಟಿದ್ದವು ಎಂಬುದು ಭಾರತದ ನಿಲುವು. ಯಂತ್ರ ಒಂದೇ, ಬಳಕೆ ಎರಡು ಎಂಬುದು ಪೀಣ್ಯದ ಶೆಡ್ಡುಗಳಲ್ಲಿ ಕೆಲಸ ಮಾಡಿದವರಿಗೆ ಚೆನ್ನಾಗಿ ಗೊತ್ತು.

ಪ್ರತಿ ಸ್ಫೋಟದ ಬೆನ್ನಿಗೆ ವಿಶ್ವಸಂಸ್ಥೆಯ ನಿರ್ಬಂಧ ಬಿಗಿಯಾಯಿತು. ಕಲ್ಲಿದ್ದಲು, ಕಬ್ಬಿಣ, ಮೀನು, ಬಟ್ಟೆ ಯಾವುದನ್ನೂ ಮಾರುವಂತಿಲ್ಲ. ಹೊರದೇಶಗಳಲ್ಲಿ ದುಡಿಯುವ ಅವರ ಕೂಲಿಕಾರರನ್ನು ಎರಡು ವರ್ಷದೊಳಗೆ ವಾಪಸ್ ಕಳಿಸಬೇಕೆಂದು 2017ರಲ್ಲಿ ಆದೇಶವಾಯಿತು. ಹಡಗಿನಲ್ಲಿ ಸಾಗಿಸಬೇಕಿಲ್ಲದ, ಗಡಿಯಲ್ಲಿ ಯಾರೂ ತಡೆಯಲಾಗದ ಆದಾಯ ಬೇಕಾಗಿತ್ತು, ಅದು ಸಿಕ್ಕಿದ್ದು ಸೈಬರ್ ಕಳ್ಳತನದಲ್ಲಿ. 2016ರಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಹೋಯಿತು. 2018ರಲ್ಲಿ ಪುಣೆಯ ಕಾಸ್ಮೋಸ್ ಬ್ಯಾಂಕಿನಿಂದ ಹೋದದ್ದು 94 ಕೋಟಿ ರೂಪಾಯಿ. 2024ರ ಜುಲೈನಲ್ಲಿ ಭಾರತದ ಕ್ರಿಪ್ಟೊ ವಿನಿಮಯ ಕೇಂದ್ರ ವಜೀರ್‌ಎಕ್ಸ್‌ನಿಂದ ಸುಮಾರು 2,000 ಕೋಟಿ ರೂಪಾಯಿ ಕಾಣೆಯಾಯಿತು, ಅದು ಉತ್ತರ ಕೊರಿಯಾದ್ದೇ ಕೃತ್ಯ ಎಂದು ಅಮೆರಿಕ, ದಕ್ಷಿಣ ಕೊರಿಯಾ ಹೇಳಿದವು. 2025ರ ಫೆಬ್ರುವರಿಯಲ್ಲಿ ಇನ್ನೊಂದು ಕ್ರಿಪ್ಟೊ ವಿನಿಮಯ ಕೇಂದ್ರ ಬೈಬಿಟ್‌ನಿಂದ 150 ಕೋಟಿ ಡಾಲರ್. ಸಾಮೂಹಿಕ ವಿನಾಶದ ಅಸ್ತ್ರಗಳ ಖರ್ಚಿನಲ್ಲಿ ಶೇ 40ರಷ್ಟು ಇಂಥ ಸೈಬರ್ ದಂಧೆಯಿಂದಲೇ ಬರುತ್ತದೆ ಎಂಬ ಒಂದು ಸದಸ್ಯ ರಾಷ್ಟ್ರದ ಮಾಹಿತಿಯನ್ನು ವಿಶ್ವಸಂಸ್ಥೆಯ ತಜ್ಞರ ಸಮಿತಿ ದಾಖಲಿಸಿದೆ.

ನಮ್ಮೂರಿನಲ್ಲೇ 2025ರ ಜುಲೈನಲ್ಲಿ ಕ್ರಿಪ್ಟೊ ವಿನಿಮಯ ಕೇಂದ್ರ ಕಾಯಿನ್‌ಡಿಸಿಎಕ್ಸ್‌ನಿಂದ 4.4 ಕೋಟಿ ಡಾಲರ್ ಹೋಯಿತು. ವೈಟ್‌ಫೀಲ್ಡ್‌ನ ಸೈಬರ್ ಅಪರಾಧ (ಸೆನ್) ಠಾಣೆಯ ಪೊಲೀಸರು ಉದ್ಯೋಗಿಯೊಬ್ಬರನ್ನು ಬಂಧಿಸಿದರು. ಆಫೀಸ್ ಲ್ಯಾಪ್‌ಟಾಪಿನಲ್ಲೇ ಹೊರಗಿನವರ ಪಾರ್ಟ್‌ಟೈಮ್ ಕೆಲಸ ಮಾಡಿದಾಗ ಮಾಲ್‌ವೇರ್ ಹೊಕ್ಕಿತೆಂಬುದು ತನಿಖೆಯ ಜಾಡು. ಈ ಪ್ರಕರಣವನ್ನು ಉತ್ತರ ಕೊರಿಯಾದ ತಲೆಗೆ ಕಟ್ಟುವ ಆತುರ ಬೇಡ, ಅದು ಸಾಬೀತಾಗಿಲ್ಲ. ಆದರೆ ದಾರಿ ಅದೇ: ಆಸೆ ತೋರಿಸುವ ಸೈಡ್ ಕೆಲಸ, ಅಪರಿಚಿತ ಫೈಲು, ಕಂಪನಿಯ ಯಂತ್ರ.

ದಾಳಿ ಮಾಡುವುದಷ್ಟೇ ಅಲ್ಲ, ಉತ್ತರ ಕೊರಿಯಾದ ಕೆಲವರು ಸುಳ್ಳು ಹೆಸರಿನಲ್ಲಿ ಕೆಲಸಕ್ಕೇ ಸೇರುತ್ತಾರೆ. ಅಮೆರಿಕದ ಅರಿಜೋನಾದ ಮಹಿಳೆಯೊಬ್ಬರು ಇವರು ಅಮೆರಿಕದಲ್ಲೇ ಇದ್ದಾರೆಂದು ತೋರಿಸಲು ಮನೆ ತುಂಬ ಲ್ಯಾಪ್‌ಟಾಪ್ ಇಟ್ಟು, 300ಕ್ಕೂ ಹೆಚ್ಚು ಕಂಪನಿಗಳಿಗೆ ಟೋಪಿ ಹಾಕಲು ನೆರವಾಗಿ, 2025ರಲ್ಲಿ ಎಂಟೂವರೆ ವರ್ಷದ ಜೈಲು ಶಿಕ್ಷೆ ಪಡೆದರು. ಕೋಡ್ ಬರೆಯುವವರು ಇರುವುದು ಬಹುಪಾಲು ಚೀನಾ, ರಷ್ಯಾಗಳಲ್ಲಿ. ಕಂಪ್ಯೂಟರಿನಲ್ಲಿ ಚುರುಕಾದ ಮಕ್ಕಳನ್ನು ಶಾಲೆಯಲ್ಲೇ ಆರಿಸಿ ತಯಾರು ಮಾಡಿರುತ್ತಾರೆ. ಅವರ ಗಳಿಕೆಯಲ್ಲಿ ಶೇ 90ರವರೆಗೂ ಸರ್ಕಾರ ಕಿತ್ತುಕೊಳ್ಳುತ್ತದೆ ಎನ್ನುತ್ತದೆ ಅಮೆರಿಕದ ಎಚ್ಚರಿಕೆ ಪತ್ರ. ಓಡಿಹೋಗೋಣವೆಂದರೆ ಹೆಂಡತಿ ಮಕ್ಕಳು ಊರಿನಲ್ಲಿದ್ದಾರೆ, ಶಿಕ್ಷೆ ಅವರಿಗೆ. ಕದ್ದವನ ಮೇಲೆ ಸಿಟ್ಟಿರಲಿ, ಆದರೆ ರಾಜೀನಾಮೆ ಕೊಡುವ ಸ್ವಾತಂತ್ರ್ಯ ಅವನಿಗಿಲ್ಲ ಎಂಬುದೂ ನೆನಪಿರಲಿ.

ಹಾಗಾಗಿ ಹೊಸಬರಲ್ಲಿ ನನ್ನ ಕೋರಿಕೆ ಇಷ್ಟೆ. ಇಂಟರ್‌ವ್ಯೂ ಹೆಸರಿನಲ್ಲಿ ಬಂದ ಕೋಡನ್ನು ಆಫೀಸಿನ ಲ್ಯಾಪ್‌ಟಾಪಿನಲ್ಲಿ ಯಾವ ಕಾರಣಕ್ಕೂ ಓಡಿಸಬೇಡಿ, ಬೇರೆ ವರ್ಚುವಲ್ ಮಷಿನ್ ಇಟ್ಟುಕೊಳ್ಳಿ. ಕೆಲಸ ಕೊಡುವ ಕಂಪನಿಯನ್ನು ಅದರ ಅಧಿಕೃತ ನಂಬರಿನಲ್ಲೇ ವಿಚಾರಿಸಿ. ಎಡವಟ್ಟಾಯಿತೆಂದು ಅನುಮಾನ ಬಂದರೆ ಕೆಲಸ ಹೋದೀತೆಂಬ ಭಯಕ್ಕೆ ಮುಚ್ಚಿಡದೆ ಸೆಕ್ಯುರಿಟಿ ತಂಡಕ್ಕೆ ತಕ್ಷಣ ತಿಳಿಸಿ, ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.