ನೌರು ದ್ವೀಪದ ಐಶ್ವರ್ಯ ಮತ್ತು ಬಡತನ

ದೇಶವೆಂದೊಡನೆ ನಮ್ಮ ಕಣ್ಣ ಮುಂದೆ ನದಿ, ಪರ್ವತ, ನಗರ, ಸೈನ್ಯ ಇವೆಲ್ಲ ಬಂದು ನಿಲ್ಲುತ್ತವೆ. ಇವೊಂದೂ ಇಲ್ಲದ ದೇಶವೊಂದು ಪೆಸಿಫಿಕ್ ಮಹಾಸಾಗರದ ನಡುವೆ, ಭೂಮಧ್ಯರೇಖೆಗೆ ತುಸು ದಕ್ಷಿಣದಲ್ಲಿದೆ. ಅದರ ಹೆಸರು ನೌರು. ವಿಸ್ತೀರ್ಣ ೨೧ ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು ೧೨ ಸಾವಿರ. ನಡೆಯಬಲ್ಲವನು ಒಂದೇ ದಿನದಲ್ಲಿ ಇಡೀ ರಾಷ್ಟ್ರವನ್ನು ಸುತ್ತಿ ಬರಬಹುದು. ಆದರೂ ಅರ್ಥಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಈ ಪುಟ್ಟ ದ್ವೀಪ ಕಲಿಸುವ ಪಾಠ ಚಿಕ್ಕದಲ್ಲ. ಒಂದೇ ತಲೆಮಾರಿನಲ್ಲಿ ಜಗತ್ತಿನ ಅತಿ ಶ್ರೀಮಂತ ಜನರ ಸಾಲಿನಲ್ಲಿ ಕುಳಿತು, ಅದೇ ತಲೆಮಾರು ಮುಗಿಯುವುದರೊಳಗೆ ಸಾಲಗಾರರ ಮುಂದೆ ನಿಂತ ದೇಶವಿದು.

ನೆಲ ಮತ್ತು ಜನ

ದ್ವೀಪದ ಅಂಚಿಗೆ ಕೆಲವು ನೂರು ಗಜಗಳಷ್ಟು ಅಗಲದ ತಗ್ಗಾದ ಕರಾವಳಿಯಿದೆ. ಜನವಸತಿ ಬಹುಮಟ್ಟಿಗೆ ಅಲ್ಲಿಯೇ. ತೆಂಗು ಮತ್ತು ಕೇದಗೆಯ ಜಾತಿಯ ಮರಗಳು ಬೆಳೆಯುತ್ತವೆ. ನಡುವೆ ಎತ್ತರದ ಪ್ರಸ್ಥಭೂಮಿ. ನದಿಯೊಂದೂ ಇಲ್ಲ; ಬುವಾಡ ಎಂಬ ಒಂದು ಕೊಳವುಂಟು. ಕುಡಿಯುವ ನೀರಿಗೆ ಮಳೆಯನ್ನೋ ಸಮುದ್ರದ ನೀರನ್ನು ಸಿಹಿಗೊಳಿಸುವ ಯಂತ್ರವನ್ನೋ ನಂಬಬೇಕು.

ನೌರು ಜನರಲ್ಲಿ ಹನ್ನೆರಡು ಕುಲಗಳು. ಕುಲವು ತಾಯಿಯ ಕಡೆಯಿಂದ ಬರುತ್ತದೆ; ಈ ವಿಷಯದಲ್ಲಿ ನಮ್ಮ ತುಳುನಾಡಿನ ಬಳಿಗಳನ್ನು ಬಲ್ಲವರಿಗೆ ಆಶ್ಚರ್ಯವಾಗಲಾರದು. ರಾಷ್ಟ್ರಧ್ವಜದ ನಕ್ಷತ್ರಕ್ಕೆ ಹನ್ನೆರಡು ಮೂಲೆಗಳಿರುವುದು ಈ ಕುಲಗಳ ಗುರುತಾಗಿಯೇ. ಹಿಂದೆ ಇವರು ಮೀನು ಹಿಡಿದು, ಬುವಾಡ ಕೊಳದಲ್ಲಿ ಮೀನುಮರಿಗಳನ್ನು ಸಾಕಿ ಜೀವಿಸುತ್ತಿದ್ದರು.

ಗೊಬ್ಬರದ ಕಲ್ಲು

೧೮೮೮ರಲ್ಲಿ ಜರ್ಮನಿಯು ಈ ದ್ವೀಪವನ್ನು ತನ್ನದಾಗಿಸಿಕೊಂಡಿತು. ಸಿಡ್ನಿಯ ಒಂದು ಕಂಪನಿಯ ಕಚೇರಿಯಲ್ಲಿ ನೌರುವಿನಿಂದ ತಂದ ಕಲ್ಲೊಂದನ್ನು ಬಾಗಿಲಿಗೆ ಆಸರೆಯಾಗಿ ಇಟ್ಟಿದ್ದರು. ಆಲ್ಬರ್ಟ್ ಎಲ್ಲಿಸ್ ಎಂಬಾತ ಅದನ್ನು ಪರೀಕ್ಷಿಸಿದಾಗ ಅದು ಉತ್ತಮ ಜಾತಿಯ ಫಾಸ್ಫೇಟ್ ಎಂದು ತಿಳಿಯಿತು. ಗಂಧಕಾಮ್ಲದೊಡನೆ ಸಂಸ್ಕರಿಸಿದ ಫಾಸ್ಫೇಟ್ ಕಲ್ಲೇ ನಮ್ಮ ರೈತರು ಬಲ್ಲ ಸೂಪರ್ ಫಾಸ್ಫೇಟ್ ಗೊಬ್ಬರ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಗಣಿಕೆಲಸ ಆರಂಭವಾಯಿತು. ನೆಲದ ಒಡೆಯರಿಗೆ ಮೊದಮೊದಲು ಸಿಕ್ಕಿದ ರಾಜಧನ ಟನ್ನಿಗೆ ಅರ್ಧ ಪೆನ್ನಿ ಮಾತ್ರ.

೧೯೧೪ರಲ್ಲಿ ಆಸ್ಟ್ರೇಲಿಯದ ಸೈನ್ಯ ದ್ವೀಪವನ್ನು ಹಿಡಿಯಿತು. ಮಹಾಯುದ್ಧವು ಮುಗಿದ ಮೇಲೆ ರಾಷ್ಟ್ರಸಂಘವು ಅದರ ಆಡಳಿತವನ್ನು ಬ್ರಿಟನ್, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್‌ಗಳಿಗೆ ವಹಿಸಿತು. ಈ ಮೂರು ಸರ್ಕಾರಗಳ ಆಯೋಗವೇ ಗಣಿಯನ್ನೂ ನಡೆಸಿ, ಕಲ್ಲನ್ನು ಜಗತ್ತಿನ ಮಾರುಕಟ್ಟೆಯ ಧಾರಣೆಗಿಂತ ಕಡಿಮೆಗೆ ತಮ್ಮ ರೈತರಿಗೆ ಒದಗಿಸಿತು. ಅಂದರೆ ನೌರುವಿನ ಫಲವತ್ತತೆ ಹಡಗೇರಿ ಹೋಗಿ ಪರದೇಶದ ಹುಲ್ಲುಗಾವಲನ್ನು ಹಸಿರಾಗಿಸಿತು. ಪೋಷಕನೂ ವ್ಯಾಪಾರಿಯೂ ಒಬ್ಬನೇ ಆದಾಗ ಪೋಷಿತನ ಗತಿ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಅಳಿವಿನ ಅಂಚು

೧೯೨೦ರಲ್ಲಿ ಬಂದ ಇನ್‌ಫ್ಲುಯೆಂಜಾ ಜ್ವರದಿಂದ ಅನೇಕರು ಮಡಿದರು. ಒಂದು ಜನಾಂಗವಾಗಿ ಉಳಿಯಬೇಕಾದರೆ ಕನಿಷ್ಠ ೧,೫೦೦ ಜನರಾದರೂ ಇರಬೇಕೆಂದು ಆಗ ಎಣಿಸಲಾಯಿತು. ೧೯೩೨ರಲ್ಲಿ ಆ ಸಂಖ್ಯೆಯನ್ನು ಮುಟ್ಟಿಸಿದ ಕೂಸು ಹುಟ್ಟಿದ ದಿನವನ್ನು ಇಂದಿಗೂ ಅಕ್ಟೋಬರ್ ೨೬ರಂದು ‘ಅಂಗಮ್’ ಎಂಬ ಹಬ್ಬವಾಗಿ ಆಚರಿಸುತ್ತಾರೆ. ಆದರೆ ೧೯೪೨ರಲ್ಲಿ ಜಪಾನೀಯರು ದ್ವೀಪವನ್ನು ಆಕ್ರಮಿಸಿದರು. ಮರುವರ್ಷ ಸುಮಾರು ೧,೨೦೦ ಜನರನ್ನು ದೂರದ ಟ್ರಕ್ ದ್ವೀಪಗಳಿಗೆ ಸಾಗಿಸಿದರು. ೧೯೪೬ರ ಜನವರಿ ೩೧ರಂದು ಹಡಗಿನಿಂದ ಮತ್ತೆ ತಾಯ್ನೆಲಕ್ಕೆ ಇಳಿದವರು ೭೩೭ ಮಂದಿ ಮಾತ್ರ.

ಗಣಿಯಿಂದ ನೆಲ ಹಾಳಾಗುತ್ತಿದ್ದುದನ್ನು ಕಂಡು ೧೯೬೦ರ ದಶಕದ ಮೊದಲಲ್ಲಿ ಆಸ್ಟ್ರೇಲಿಯವು ಒಂದು ಸಲಹೆಯನ್ನು ಮುಂದಿಟ್ಟಿತು: ಇಡೀ ಜನಾಂಗವು ಕ್ವೀನ್ಸ್‌ಲೆಂಡಿನ ಕರಾವಳಿಯ ಕರ್ಟಿಸ್ ದ್ವೀಪಕ್ಕೆ ಹೋಗಿ ನೆಲೆಸಬಹುದು. ಮನೆಯುಂಟು, ಪೌರತ್ವವುಂಟು, ಆದರೆ ಸ್ವತಂತ್ರ ರಾಷ್ಟ್ರವೆಂಬ ಅಸ್ತಿತ್ವವಿಲ್ಲ. ೧೯೬೪ರಲ್ಲಿ ನೌರು ಜನರು ಇದನ್ನು ನಿರಾಕರಿಸಿದರು. ಕೇವಲ ಲಾಭನಷ್ಟದ ಲೆಕ್ಕದಿಂದ ಈ ನಿರ್ಧಾರ ಅರ್ಥವಾಗುವುದಿಲ್ಲ. ಮನುಷ್ಯನಿಗೆ ಊರೆಂಬುದೊಂದು ಬೇಕು ಎಂಬುದನ್ನು ನೆನೆದಾಗ ಮಾತ್ರ ಅರ್ಥವಾಗುತ್ತದೆ.

ಸಿರಿ ಬಂದ ಕಾಲ

೧೯೬೮ರ ಜನವರಿ ೩೧ರಂದು, ಸೆರೆಯಿಂದ ಮರಳಿದ ಆ ದಿನವನ್ನೇ ಆರಿಸಿಕೊಂಡು, ನೌರು ಸ್ವತಂತ್ರವಾಯಿತು. ಹ್ಯಾಮರ್ ಡಿರೊಬರ್ಟ್ ಮೊದಲ ಅಧ್ಯಕ್ಷರಾದರು. ಗಣಿಯ ಆಸ್ತಿಯನ್ನು ೨ ಕೋಟಿ ೧೦ ಲಕ್ಷ ಆಸ್ಟ್ರೇಲಿಯನ್ ಡಾಲರಿಗೆ ಕೊಂಡುಕೊಂಡು, ೧೯೭೦ರಲ್ಲಿ ದೇಶವೇ ಅದರ ಒಡೆತನ ವಹಿಸಿತು. ಹಣ ಹೊಳೆಯಾಗಿ ಹರಿಯಿತು. ಆದಾಯ ತೆರಿಗೆಯಿಲ್ಲ, ಶಿಕ್ಷಣ, ವೈದ್ಯ ಎಲ್ಲವೂ ಉಚಿತ. ಮುಂದಿನ ಪೀಳಿಗೆಗಾಗಿ ಕಟ್ಟಿದ ನಿಧಿಯು ನೂರು ಕೋಟಿ ಡಾಲರನ್ನು ಮೀರಿತು. ಮೆಲ್ಬರ್ನ್ ನಗರದಲ್ಲಿ ೫೨ ಅಂತಸ್ತುಗಳ ‘ನೌರು ಹೌಸ್’ ೧೯೭೭ರಲ್ಲಿ ಎದ್ದು ನಿಂತಿತು. ಅತ್ತ ಊಟದ ತಟ್ಟೆಯಲ್ಲಿ ಹಸಿ ಮೀನಿನ ಸ್ಥಾನಕ್ಕೆ ಡಬ್ಬಿಯ ಮಾಂಸ, ಅಕ್ಕಿ, ಸಕ್ಕರೆ ಬಂದವು. ೧೯೭೦ರ ದಶಕದ ಮಧ್ಯದಲ್ಲಿ ತಪಾಸಣೆ ನಡೆದಾಗ ವಯಸ್ಕರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಮಧುಮೇಹ ಕಂಡುಬಂದಿತು.

ಇಳಿಗಾಲ

ಕಲ್ಲು ಮುಗಿಯುವುದೆಂದು ಎಲ್ಲರೂ ಬಲ್ಲರು. ಅದಕ್ಕೆಂದೇ ನಿಧಿಯನ್ನು ಕಟ್ಟಿದ್ದರು. ಆದರೆ ಕೆಟ್ಟ ಹೂಡಿಕೆಗಳು, ನಷ್ಟದ ವಿಮಾನಯಾನ, ಸಾಲದ ಮೇಲಿನ ಸಾಲ ಇವು ನಿಧಿಯನ್ನು ಕರಗಿಸಿದವು. ೧೯೯೩ರಲ್ಲಿ ಲಂಡನ್ನಿನ ಒಂದು ಸಂಗೀತ ನಾಟಕಕ್ಕೂ ನೌರುವಿನ ಹಣ ಸುರಿಯಲ್ಪಟ್ಟು ನಷ್ಟವಾಯಿತು. ೨೦೦೪ರಲ್ಲಿ ನೌರು ಹೌಸ್ ಸಾಲಕ್ಕಾಗಿ ಮಾರಾಟವಾಯಿತು. ದೇಶದ ಬ್ಯಾಂಕಿನಲ್ಲಿ ಹಣವಿಟ್ಟವರಿಗೆ ತಮ್ಮ ಹಣವೇ ಸಿಗದಾಯಿತು. ದ್ವೀಪದ ಐದರಲ್ಲಿ ನಾಲ್ಕು ಭಾಗದಷ್ಟು ನೆಲದಲ್ಲಿ ಮಣ್ಣು ಹೋಗಿ, ಸುಣ್ಣಕಲ್ಲಿನ ಚೂಪಾದ ಕಂಬಗಳು ಉಳಿದವು.

ಅನಂತರದ ಜೀವನೋಪಾಯಗಳು ಬೇರೆ ಬಗೆಯವು. ೨೦೦೧ರಿಂದ ೨೦೦೮ರವರೆಗೆ, ಮತ್ತೆ ೨೦೧೨ರಿಂದ, ಆಸ್ಟ್ರೇಲಿಯವು ತನ್ನ ತೀರಕ್ಕೆ ಬರುವ ಆಶ್ರಯಾರ್ಥಿಗಳನ್ನು ಹಣ ಕೊಟ್ಟು ಇಲ್ಲಿ ಇರಿಸತೊಡಗಿತು. ನೆಲೆ ಕಳೆದುಕೊಳ್ಳಲು ಒಲ್ಲೆವೆಂದ ಜನರೇ ನೆಲೆಯಿಲ್ಲದವರ ಕಾವಲಿನಿಂದ ಬದುಕಬೇಕಾದುದು ವಿಷಾದದ ಸಂಗತಿ. ಇದರ ಜೊತೆಗೆ ಟ್ಯೂನಾ ಮೀನುಗಾರಿಕೆಯ ಪರವಾನಗಿ ಶುಲ್ಕವು ಆಧಾರವಾಗಿದೆ. ೨೦೧೫ರಲ್ಲಿ ಹೊಸ ನಿಧಿಯೊಂದನ್ನು ವಿದೇಶಗಳ ನೆರವಿನಿಂದ, ಬಿಗಿಯಾದ ನಿಯಮಗಳೊಡನೆ ಸ್ಥಾಪಿಸಿದರು.

ಹೊಣೆ ಯಾರದು?

‘ಕುಳಿತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂದು ಹೇಳಿ ನೌರು ಜನರನ್ನು ಹಳಿಯುವುದು ಸುಲಭ. ಆದರೆ ಗಾದೆಯ ಹೊರಗೂ ಸತ್ಯವುಂಟು. ಸ್ವಾತಂತ್ರ್ಯಕ್ಕೆ ಮುಂಚೆಯೇ ಸುಮಾರು ಮೂರನೆಯ ಒಂದು ಭಾಗದಷ್ಟು ಗಣಿನೆಲ ಬರಿದಾಗಿತ್ತು. ಆ ನೆಲದ ಪರಿಹಾರಕ್ಕಾಗಿ ನೌರು ೧೯೮೯ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ೧೯೯೩ರಲ್ಲಿ ರಾಜಿಯಾಗಿ ಆಸ್ಟ್ರೇಲಿಯವು ೧೦ ಕೋಟಿ ೭೦ ಲಕ್ಷ ಡಾಲರ್ ಕೊಡಲು ಒಪ್ಪಿತು. ಹನ್ನೆರಡು ಸಾವಿರ ಜನರ ದೇಶವೂ ನ್ಯಾಯ ಕೇಳಬಹುದೆಂಬುದಕ್ಕೆ ಇದು ಸಾಕ್ಷಿ. ಉಳಿದ ಭಾಗ ಬರಿದಾದುದು ತಮ್ಮವರ ಆಳ್ವಿಕೆಯಲ್ಲಿಯೇ ಎಂಬುದನ್ನೂ ಮರೆಯುವಂತಿಲ್ಲ.

ನಮ್ಮ ಪಠ್ಯಪುಸ್ತಕಗಳು ಬಂಡವಾಳ ಬೇರೆ, ಆದಾಯ ಬೇರೆ ಎಂದು ಕಲಿಸುತ್ತವೆ. ಹೊಲದ ಬೆಳೆಯನ್ನು ಮಾರಿದರೆ ಆದಾಯ. ಹೊಲವನ್ನೇ ಮಾರಿದರೆ ಅದು ಆದಾಯವಲ್ಲ. ನೌರುವಿನಲ್ಲಿ ಮಾರಾಟವಾದದ್ದು ಹೊಲವೇ. ಆದರೆ ತಲಾ ಆದಾಯದ ಪಟ್ಟಿಯಲ್ಲಿ ಅದು ಬೆಳೆಯೆಂದೇ ಬರೆಯಲ್ಪಟ್ಟಿತು. ಪಟ್ಟಿಯನ್ನು ನೋಡಿ ಜಗತ್ತು ಅಸೂಯೆಪಟ್ಟಿತು. ಅದಿರು, ಕಾಡು, ಅಂತರ್ಜಲ ಯಾವುದನ್ನೇ ಆಗಲಿ ತೆಗೆದು ಮಾರುವ ಎಲ್ಲ ದೇಶಗಳೂ ತಮ್ಮ ಲೆಕ್ಕಪುಸ್ತಕವನ್ನು ಈ ಕಣ್ಣಿನಿಂದ ಒಮ್ಮೆ ತೆರೆದು ನೋಡಬೇಕು. ಈಗ ನೌರು ಸರ್ಕಾರವು ಏರುತ್ತಿರುವ ಸಮುದ್ರಕ್ಕೆ ಅಂಜಿ, ಗಣಿಯಿಂದ ಹಾಳಾದ ಆ ಎತ್ತರದ ನೆಲವನ್ನೇ ಸಮಗೊಳಿಸಿ ಜನರನ್ನು ಅಲ್ಲಿಗೆ ಒಯ್ಯುವ ಯೋಜನೆ ಮಾಡಿದೆ. ಆ ಕೆಲಸಕ್ಕೆ ಬೇಕಾದ ಹಣ ಅವರ ಬಳಿ ಒಂದು ಕಾಲಕ್ಕೆ ಇತ್ತು.